ಪಾಯಿಂಟ್ ಎಂಟು ಮಿಲಿಯನ್

ಶಾಂತಕುಮಾರಿ ಎಂದು ಹೆಸರಿಟ್ಟವರು ತೊಟ್ಟಿಲಲ್ಲಿ ನಿದ್ದೆ ಮಾಡುತ್ತಿದ್ದ ಮಗುವನ್ನು ನೋಡಿ ಇಟ್ಟಿರಬೇಕು. ಅದು ಎದ್ದು ಬಾಯಿ ತೆರೆಯುವ ತನಕ ಕಾದಿದ್ದರೆ ಬೇರೆ ಹೆಸರು ಹುಡುಕುತ್ತಿದ್ದರು. ನೇರಳೆಕೊಪ್ಪದ ಪಂಚಾಯ್ತಿ ಕಚೇರಿಯಲ್ಲಿ 'ಶಾಂತಕ್ಕ ಬಂದ್ರು' ಅಂದರೆ ಸಾಕು, ಮೊಬೈಲು ತಿಕ್ಕುತ್ತಾ ಕೂತವರು ಫೈಲು ತೆರೆಯುತ್ತಿದ್ದರು. ಊರಿನ ಸರ್ಕಾರಿ ಶಾಲೆಯಲ್ಲಿ ಏಳನೇ ಕ್ಲಾಸಿನವರೆಗೆ ಓದಿದವಳು. ನಾಲ್ಕೆಕರೆ ಕಾಫಿ ತೋಟ. ಮಹಿಳಾ ಮೀಸಲಿನಲ್ಲಿ ಗೆದ್ದು ಮೆಂಬರ್ ಆಗಿ ನಾಲ್ಕು ವರ್ಷವಾಗಿತ್ತು. ಗಂಡ ಮೀಟಿಂಗಿಗೆ ಹೋಗುವುದು, ಹೆಂಡತಿ ಮನೆಯಲ್ಲಿ ಒಲೆ ಮುಂದೆ ಕೂತು ರುಜು ಹಾಕುವುದು ಎಂಬ ಪದ್ಧತಿ ಅವಳ ಹತ್ತಿರ ನಡೆಯುತ್ತಿರಲಿಲ್ಲ. ಅವಳು ಗೆದ್ದ ದಿನವೇ ಗಂಡ ಏಕಾಂತಪ್ಪ ಹೇಳಿಬಿಟ್ಟಿದ್ದ, 'ಅವಳ ಮೀಟಿಂಗಿಗೆ ನಾನು ಹೋದ್ರೆ ಆಮೇಲೆ ನನ್ನ ಮೀಟಿಂಗ್ ಮನೇಲಿ ಆಗ್ತದೆ.'

ಓದದೆ ರುಜು ಹಾಕುವುದಿಲ್ಲ ಎಂಬುದು ಅವಳ ಹೆಮ್ಮೆ. ಬೇರೆ ಮೆಂಬರುಗಳು ಟೀ ಕುಡಿದು ಎದ್ದ ಮೇಲೂ ಅವಳು ನಡಾವಳಿ ಪುಸ್ತಕದ ಮೇಲೆ ಬೆರಳಿಟ್ಟುಕೊಂಡು ಒಂದೊಂದೇ ಸಾಲು ಓದುತ್ತಾ ಕೂತಿರುತ್ತಿದ್ದಳು. ಅಂಥವಳು ಜನವರಿ ಕೊನೆಯ ಮೀಟಿಂಗಿನಲ್ಲೂ ಓದಿಯೇ ರುಜು ಹಾಕಿದ್ದಳು. ಅದೇ ಈಗ ಮೀನಿನ ಮುಳ್ಳಿನ ಹಾಗೆ ಗಂಟಲಲ್ಲಿ ನಿಂತಿದ್ದು.

ನಡೆದದ್ದು ಇಷ್ಟು. ಕಲ್ಲುಗುಂಡಿ ಹಳ್ಳದ ಮೇಲ್ಭಾಗದಲ್ಲಿ ಪಾಳು ಬಿದ್ದಿದ್ದ, ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಹಳೆಯ ಪಲ್ಪಿಂಗ್ ಶೆಡ್ಡನ್ನು ನೀರಿನ ಬಾಟಲಿ ಮಾಡುವ ಕಂಪನಿಯೊಂದು ಕೊಂಡಿತ್ತು. ಹಳ್ಳದಿಂದ ನೀರೆತ್ತುವುದಕ್ಕೆ ಪಂಚಾಯ್ತಿಯ ಒಪ್ಪಿಗೆ ಬೇಕು. ಕಂಪನಿಯ ಕಡೆಯಿಂದ ಪ್ರಸನ್ನಕುಮಾರ್ ಎಂಬಾತ ಚಿಕ್ಕಮಗಳೂರಿನಿಂದ ಬಂದಿದ್ದ. ಮಾತು ಮೃದು, ಇಸ್ತ್ರಿ ಮಾಡಿದ ಅಂಗಿ, ಎಲ್ಲರಿಗೂ ಸರ್, ಮೇಡಂ. ಇಪ್ಪತ್ತು ಜನಕ್ಕೆ ಕೆಲಸ ಕೊಡುತ್ತೇವೆ, ಶೆಡ್ಡಿನವರೆಗೆ ಕಾಂಕ್ರೀಟ್ ರಸ್ತೆ ಮಾಡಿಸುತ್ತೇವೆ ಅಂದ.

'ನೀರು ಎಷ್ಟು ಬೇಕಾಗ್ತದೆ?' ಎಂದು ಕೇಳಿದವಳು ಶಾಂತಕುಮಾರಿಯೇ.

'ದಿನಕ್ಕೆ ಪಾಯಿಂಟ್ ಎಂಟು ಮಿಲಿಯನ್ ಲೀಟರ್ ಅಷ್ಟೇ ಮೇಡಂ.'

ಅಧ್ಯಕ್ಷ ಓಂಕಾರಮೂರ್ತಿ ಕುರ್ಚಿಗೆ ಒರಗಿ ನಕ್ಕುಬಿಟ್ಟರು. ಮೂಡಿಗೆರೆಯಲ್ಲಿ ಹಾರ್ಡ್‌ವೇರ್ ಅಂಗಡಿ, ಊರಲ್ಲಿ ಎಂಟೆಕರೆ ತೋಟ ಇರುವ ಮನುಷ್ಯ. ಬಾಯಿ ದೊಡ್ಡದು, ಮನಸ್ಸು ಕೆಟ್ಟದ್ದಲ್ಲ. 'ಪಾಯಿಂಟ್ ಎಂಟಾ? ಎಂಬತ್ತು ಸೆಂಟು! ಹೂವಿಗೂ ಸಾಲದ ಮಳೆ ಮಾರಾಯ್ರೇ. ಒಂದೂ ತುಂಬಲಿಲ್ಲ, ಅದಕ್ಕೆ ಎಂತ ಚರ್ಚೆ?'

ಎಲ್ಲರೂ ನಕ್ಕರು. ಶಾಂತಕುಮಾರಿಯೂ ನಕ್ಕಳು. ಕಾಫಿ ಬೆಳೆಯುವವರ ಕಿವಿಗೆ ಪಾಯಿಂಟ್ ಎಂಟು ಅಂದರೆ ಅಷ್ಟೇ. ಮಾರ್ಚಿಯಲ್ಲಿ ಮಳೆ ಬಿದ್ದ ಮಾರನೇ ದಿನ ಎಲ್ಲರ ಮನೆಯಲ್ಲೂ ಅದೇ ಮಾತು: ನಿಮ್ಮಲ್ಲೆಷ್ಟು ಬಿತ್ತು, ನಮ್ಮಲ್ಲೆಷ್ಟು ಬಿತ್ತು. ಇಂಚಿಗೆ ನೂರು ಸೆಂಟು. ಒಂದಿಂಚು ದಾಟಿದರೆ ಹೂವಾಗುತ್ತದೆ. ಎಂಬತ್ತು ಸೆಂಟು ಅಂದರೆ ಮೊಗ್ಗು ಅರ್ಧ ಬಿರಿದು ಕೆಡುತ್ತದೆ. ಒಂದರೊಳಗಿನ ಲೆಕ್ಕ ಅಂದರೆ ಸಾಲದ ಲೆಕ್ಕ, ಕೈಗೆ ಹತ್ತದ ಲೆಕ್ಕ. ಹಾಗೆ ತಿಳಿದು ಬೆಳೆದವರು ಅವರು. ಪಾಯಿಂಟಿನ ಪಕ್ಕ ಕೂತ ಮಿಲಿಯನ್ ಎಂಬ ಮಾತಿನ ಕಡೆ ಯಾರೂ ತಿರುಗಿ ನೋಡಲಿಲ್ಲ.

ಶಾಂತಕುಮಾರಿ ಮಾತ್ರ ಒಂದು ಗಳಿಗೆ ನೋಡಿದ್ದಳು. ಪುಸ್ತಕದಲ್ಲಿ '0.8 ಮಿಲಿಯನ್ ಲೀಟರ್' ಎಂದು ಬರೆದ ಕಡೆ ಬೆರಳು ನಿಂತಿತ್ತು. ಶಾಲೆಯಲ್ಲಿ ಮೇಷ್ಟ್ರು ಕಲಿಸಿದ್ದು ಏಕ, ದಶ, ಶತ, ಸಾವಿರ, ದಶಸಾವಿರ, ಲಕ್ಷ, ದಶಲಕ್ಷ, ಕೋಟಿ. ಅದರಲ್ಲಿ ಮಿಲಿಯನ್ ಇರಲಿಲ್ಲ. ಕೇಳೋಣ ಅನಿಸಿತು. ಸುತ್ತ ಏಳು ಜನ ಗಂಡಸರು ಕೂತಿದ್ದರು, ಮೃದು ಮಾತಿನವನು ನಗುತ್ತಿದ್ದ. ಕೇಳಲಿಲ್ಲ. 'ಅನುಮೋದಿಸಿದವರು' ಎಂದಿದ್ದ ಕಡೆ ದುಂಡಗೆ ರುಜು ಹಾಕಿದಳು.

*

ಫೆಬ್ರವರಿ ಎರಡನೇ ವಾರ, ಮಳೆಗೆ ಕಾಯದೆ ಕಾಫಿ ಅರಳಿಸಲು ಕೊಡುವ ಹೂವಿನ ನೀರಿಗೆ ಸ್ಪ್ರಿಂಕ್ಲರ್ ಪೈಪು ಜೋಡಿಸುವಾಗ ರಬ್ಬರ್ ರಿಂಗು ಹರಿದವು. ಶಾಂತಕುಮಾರಿ ಬಸ್ಸು ಹತ್ತಿ ಮೂಡಿಗೆರೆಗೆ ಹೋದಳು. ಪೈಪಿನ ಅಂಗಡಿಯಲ್ಲಿ ಬಿಲ್ಲು ಬರೆಯುವ ನಾಗಶ್ರೀ ಮೊಬೈಲಿನಲ್ಲಿ ಯಾರೋ ನಾಯಿಮರಿಗೆ ಸ್ವೆಟರ್ ತೊಡಿಸುವುದನ್ನು ನೋಡುತ್ತಿದ್ದಳು.

'ನೋಡಿ ಅಕ್ಕ, ಎಷ್ಟು ಚಂದ ಇದೆ! ಟೂ ಮಿಲಿಯನ್ ವ್ಯೂಸ್ ಆಗಿದೆ.'

'ಹಾಗಂದ್ರೆ ಎಂತ?'

'ಇಪ್ಪತ್ತು ಲಕ್ಷ ಸಲ ಜನ ನೋಡಿದ್ದಾರೆ.'

'ಇಪ್ಪತ್ತು ಲಕ್ಷ ಸಲ ಜನಕ್ಕೆ ಬೇರೆ ಕೆಲಸ ಇರ್ಲಿಲ್ವಾ?' ಅಂದಳು ಶಾಂತಕುಮಾರಿ. ಅಂದ ಮೇಲೆ ಮಾತು ತಲೆಗೆ ಹೋಯಿತು. ಎಣಿಸುತ್ತಿದ್ದ ರಿಂಗುಗಳನ್ನು ಕೌಂಟರಿನ ಮೇಲೆ ಬಿಟ್ಟಳು. 'ತಡಿ. ಎರಡು ಮಿಲಿಯನ್ ಅಂದ್ರೆ ಇಪ್ಪತ್ತು ಲಕ್ಷವಾ? ಒಂದು ಮಿಲಿಯನ್ ಅಂದ್ರೆ ಹತ್ತು ಲಕ್ಷ?'

'ಹೌದಕ್ಕ.'

'ಅದು ವಿಡಿಯೋಗೆ. ಲೀಟರಿಗೆ?'

ನಾಗಶ್ರೀಗೆ ನಗು ಬಂತು. 'ಜನ ಆಗ್ಲಿ, ಲೀಟರ್ ಆಗ್ಲಿ, ಇರುವೆ ಆಗ್ಲಿ ಅಕ್ಕ. ಡಜನ್ ಅಂದ್ರೆ ಬಾಳೆಹಣ್ಣಿಗೂ ಹನ್ನೆರಡು, ಬಳೆಗೂ ಹನ್ನೆರಡು ಅಲ್ವಾ? ಹಾಗೇ ಇದು.'

'ಪಾಯಿಂಟ್ ಎಂಟು ಮಿಲಿಯನ್ ಅಂದ್ರೆ?'

ನಾಗಶ್ರೀ ಕ್ಯಾಲ್ಕುಲೇಟರ್ ಒತ್ತಿ ತಿರುಗಿಸಿ ತೋರಿಸಿದಳು. ಎಂಟರ ಮುಂದೆ ಐದು ಸೊನ್ನೆ.

ಶಾಂತಕುಮಾರಿಯ ಕಿವಿ ಬಿಸಿಯಾಯಿತು. ಮೊದಲು ಸಿಟ್ಟು ಬಂದದ್ದು ಪ್ರಸನ್ನಕುಮಾರನ ಮೇಲೆ, ಆಮೇಲೆ ಓಂಕಾರಮೂರ್ತಿಯ ಮೇಲೆ, ಬಸ್ಸು ಜಾವಳಿ ರಸ್ತೆ ಹಿಡಿಯುವ ಹೊತ್ತಿಗೆ ತನ್ನ ಮೇಲೆ. ಮೂರನೆಯದು ಹೋಗಲಿಲ್ಲ.

ಆದರೂ ಎಂಟು ಲಕ್ಷ ಲೀಟರ್ ಅಂದರೆ ಎಷ್ಟು ಎನ್ನುವುದು ಕಣ್ಣಿಗೆ ಕಟ್ಟಲಿಲ್ಲ. ಲಕ್ಷ ಅನ್ನುವುದೂ ಬರೀ ಬಾಯಿಮಾತೇ. ಮನೆಗೆ ಬಂದು ಚಪ್ಪಲಿ ಬಿಡುತ್ತಿದ್ದಾಗ ಶೆಡ್ಡಿನ ಪಕ್ಕ ಬೋರಲು ಹಾಕಿದ್ದ ಔಷಧಿಯ ಬ್ಯಾರಲ್ಲುಗಳು ಕಂಡವು. ಮೈಲುತುತ್ತ, ಸುಣ್ಣ ಕಲಸಿ ಬೋರ್ಡೋ ಮಾಡುವ, ಅಂಚೆಲ್ಲ ನೀಲಿ ಹಿಡಿದ ಬ್ಯಾರಲ್ಲುಗಳು. ಒಂದಕ್ಕೆ ಇನ್ನೂರು ಲೀಟರ್. ಎಕರೆಗೆ ಆರು ಬ್ಯಾರಲ್. ಇದನ್ನು ಅವಳು ನಿದ್ದೆಯಲ್ಲೂ ಹೇಳುತ್ತಿದ್ದಳು. ಹೆಗಲ ಮೇಲೆ ಹೊತ್ತ ಲೆಕ್ಕ.

ಕ್ಯಾಲೆಂಡರಿನ ಹಿಂದೆ ಬರೆದು ಭಾಗಿಸಿದಳು. ನಾಲ್ಕು ಸಾವಿರ ಬ್ಯಾರಲ್. ದಿನಕ್ಕೆ.

'ಇವ್ರೇ, ಬನ್ನಿ ಇಲ್ಲಿ,' ಎಂದು ಗಂಡನನ್ನು ಕರೆದಳು. 'ನಮ್ಮ ತೋಟಕ್ಕೆ ವರ್ಷಕ್ಕೆ ಎರಡು ಸಲ ಔಷಧಿ ಹೊಡೆಯಕ್ಕೆ ಎಷ್ಟು ಬ್ಯಾರಲ್ ಬೇಕು?'

'ನಲವತ್ತೆಂಟು.'

'ನಾಲ್ಕು ಸಾವಿರ ಬ್ಯಾರಲ್ ಇದ್ರೆ ಎಷ್ಟು ವರ್ಷ ಹೊಡೀಬಹುದು?'

ಏಕಾಂತಪ್ಪ ತಲೆ ಕೆರೆದುಕೊಂಡು ಲೆಕ್ಕ ಹಾಕಿದ. 'ಎಂಬತ್ತಮೂರು ವರ್ಷ. ಅಷ್ಟು ವರ್ಷ ನಾವಿರಲ್ಲ, ಕೊಳೆರೋಗ ಇರ್ತದೆ. ಎಂತಕ್ಕೆ?'

'ಅಷ್ಟು ನೀರನ್ನ ಅವರು ಒಂದು ದಿನದಲ್ಲಿ ಎತ್ತುತ್ತಾರೆ. ನಾನು ರುಜು ಹಾಕಿ ಕೊಟ್ಟಿದೀನಿ.'

ಏಕಾಂತಪ್ಪ ತಮಾಷೆ ಮಾಡಲಿಲ್ಲ. ಅವಳ ಪಕ್ಕ ಜಗಲಿಯ ಮೇಲೆ ಕೂತ.

*

ಮಾರನೇ ಬೆಳಿಗ್ಗೆ ಪಂಚಾಯ್ತಿ ಬಾಗಿಲು ತೆರೆಯುವ ಮೊದಲೇ ಅವಳು ಮೆಟ್ಟಿಲ ಮೇಲಿದ್ದಳು. ಅಭಿವೃದ್ಧಿ ಅಧಿಕಾರಿ ಮೇಘಶ್ರೀ ಸ್ಕೂಟಿ ನಿಲ್ಲಿಸುವಾಗಲೇ ಕೇಳಿದಳು, 'ಆ ಠರಾವು ಹೋಯ್ತಾ ಮೇಲಕ್ಕೆ?'

'ಇಲ್ಲ ಮೇಡಂ. ಗ್ರಾಮಸಭೆ ಒಪ್ಪಿದ ಮೇಲೆ ಕಳಿಸೋದು. ಮಾರ್ಚ್ ಮೊದಲ ಶನಿವಾರ ಇದೆಯಲ್ಲ.'

'ಗ್ರಾಮಸಭೆ ಬೇಡ ಅಂದ್ರೆ?'

'ಬೇಡ ಅಂದ್ರೆ ಅಲ್ಲಿಗೇ ನಿಂತುಹೋಗುತ್ತೆ. ಆದ್ರೆ…' ಮೇಘಶ್ರೀ ಹೆಲ್ಮೆಟ್ ತೆಗೆದು ಮೆಲ್ಲಗೆ ಹೇಳಿದಳು, 'ಅನುಮೋದಿಸಿದವರು ನೀವೇ ಅಲ್ವಾ ಮೇಡಂ?'

'ನಂಗೆ ಗೊತ್ತು. ನೀನೂ ಹೇಳ್ಬೇಡ.'

ಅಷ್ಟರಲ್ಲಿ ಓಂಕಾರಮೂರ್ತಿಯವರ ಜೀಪು ಬಂತು. ಅವಳು ನಾಲ್ಕು ಸಾವಿರ ಬ್ಯಾರಲ್ಲಿನ ಲೆಕ್ಕ ಅವರ ಮುಖಕ್ಕೆ ಹಿಡಿದಳು. ಅಧ್ಯಕ್ಷರು ಕನ್ನಡಕ ಏರಿಸಿ ನೋಡಿದರು. ಅವರಿಗೂ ಮಿಲಿಯನ್ ಎಂದರೆ ಏನೆಂದು ಆಗಷ್ಟೇ ಗೊತ್ತಾದದ್ದು ಎಂಬುದು ಮುಖದಲ್ಲಿ ಕಂಡಿತು. ಆದರೆ ಅಧ್ಯಕ್ಷರು ಅಧ್ಯಕ್ಷರೇ.

'ಸರಿ ಶಾಂತಕ್ಕ, ನಾಲ್ಕು ಸಾವಿರವೇ ಇರ್ಲಿ. ಹಳ್ಳದಲ್ಲಿ ಎಷ್ಟು ಹರೀತದೆ ಅದನ್ನ ಹೇಳಿ. ಅದೂ ಮಿಲಿಯನ್‌ಗಟ್ಟಲೆ ಹರೀತಿರಬಹುದು. ಸಮುದ್ರದಿಂದ ನಾಲ್ಕು ಸಾವಿರ ಬ್ಯಾರಲ್ ತೆಗೆದ್ರೆ ಸಮುದ್ರ ಬತ್ತತದಾ?'

'ಕಲ್ಲುಗುಂಡಿ ಹಳ್ಳ ಸಮುದ್ರವಾ?'

'ನಾನು ಹಾಗಂದ್ನಾ? ಎಷ್ಟು ಹರೀತದೆ ಹೇಳಿ ಅಂದೆ. ಗೊತ್ತಿಲ್ಲದೆ ಕೂಗಾಡಿದ್ರೆ ಇಪ್ಪತ್ತು ಮನೆ ಕೆಲಸ ಹೋಗ್ತದೆ. ನಾಳೆ ಅವರು ಬಂದು ನಿಮ್ಮನ್ನೇ ಕೇಳ್ತಾರೆ.'

ಬೈಯಲು ಶಾಂತಕುಮಾರಿಯ ಹತ್ತಿರ ಮಾತು ಬೇಕಾದಷ್ಟಿತ್ತು. ಆದರೆ ಹುಟ್ಟಿದಾಗಿನಿಂದ ನೋಡಿದ ಹಳ್ಳ, ಅದರಲ್ಲಿ ಎಷ್ಟು ನೀರು ಹರಿಯುತ್ತದೆ ಎಂದು ಊರಿನ ಒಬ್ಬರಿಗೂ ಗೊತ್ತಿರಲಿಲ್ಲ. ಯಾರೂ ಅಳೆದಿರಲಿಲ್ಲ. ಹರಿಯುವುದನ್ನು ಯಾರು ಅಳೆಯುತ್ತಾರೆ?

'ಅಳೆದು ಹೇಳ್ತೀನಿ,' ಅಂದಳು. 'ಮೇಘಶ್ರೀ, ಗ್ರಾಮಸಭೆ ಪಂಚಾಯ್ತಿ ಹಾಲಿನಲ್ಲೇ ಮಾಡ್ಬೇಕು ಅಂತ ಕಾನೂನಿದೆಯಾ?'

'ಹಾಗೇನಿಲ್ಲ. ನಮ್ಮ ಗ್ರಾಮದ ಒಳಗೆ ಎಲ್ಲಾದ್ರೂ ಮಾಡಬಹುದು. ನೋಟಿಸಿನಲ್ಲಿ ಜಾಗ ಬರೀಬೇಕು.'

'ಹಳ್ಳದ ಕಟ್ಟಿನ ಹತ್ತಿರ ಅಂತ ಬರಿ. ಬೆಳಿಗ್ಗೆ ಹತ್ತು ಗಂಟೆ.'

ಓಂಕಾರಮೂರ್ತಿ ನಕ್ಕರು. 'ಸೊಳ್ಳೆ ಕಚ್ಚಿಸಿಕೊಂಡು ಸಭೆ ಮಾಡೋಣ ಅಂತೀರಾ? ಆಗ್ಲಿ. ನಂದೇನಿಲ್ಲ.'

*

ಹೂವಿನ ನೀರು ಎತ್ತುವುದಕ್ಕೆ ವರ್ಷವೂ ಡಿಸೆಂಬರಿನಲ್ಲಿ ಊರವರು ಸೇರಿ ಹಳ್ಳಕ್ಕೆ ಅಡ್ಡ ಕಟ್ಟು ಹಾಕುತ್ತಾರೆ. ಮರಳಿನ ಚೀಲ, ಹಲಗೆ, ಮೇಲೆ ಜೇಡಿಮಣ್ಣು. ಕೆಳಗಿನವರಿಗೆ ನೀರು ನಿಲ್ಲಬಾರದೆಂದು ಕಟ್ಟಿನ ನಡುವೆ ಆರಿಂಚಿನ ಪೈಪು ಕೂರಿಸುತ್ತಾರೆ. ಮೋಟಾರುಗಳನ್ನೆಲ್ಲ ನಿಲ್ಲಿಸಿದರೆ ಹಳ್ಳದ ನೀರೆಲ್ಲ ಆ ಪೈಪಿನಿಂದಲೇ ಬರಬೇಕು. ಅದು ಹೊಳೆದದ್ದು ಏಕಾಂತಪ್ಪನಿಗೆ. 'ಬ್ಯಾರಲ್ ಪೈಪಿನ ಬಾಯಿಗೆ ಇಟ್ರೆ ಹಳ್ಳನೇ ಬ್ಯಾರಲ್ಲಿಗೆ ಬೀಳ್ತದೆ ಮಾರಾಯ್ತಿ. ಗಡಿಯಾರ ನೋಡಿದ್ರಾಯ್ತು.'

ಆ ಎರಡು ವಾರ ಅವಳು ಮನೆಮನೆ ತಿರುಗಿದಳು. ಮೋಟಾರು ಇರುವ ಹದಿನಾಲ್ಕು ಮನೆಗೂ ಹೋಗಿ ಶುಕ್ರವಾರ ಸಂಜೆಯಿಂದ ಶನಿವಾರ ಮಧ್ಯಾಹ್ನದವರೆಗೆ ಮೋಟಾರು ಹಾಕಬಾರದು ಎಂದಳು. ಕೆಲವರು ಗೊಣಗಿದರು: ಹೂವಿನ ನೀರಿನ ಸರದಿ ತಪ್ಪುತ್ತದೆ, ಮೊಗ್ಗು ಕಾಯುವುದಿಲ್ಲ. 'ಒಂದು ದಿನ ತಪ್ಪಿದ್ರೆ ಮೊಗ್ಗು ಸಾಯಲ್ಲ. ಇದು ತಪ್ಪಿದ್ರೆ ಮುಂದಿನ ವರ್ಷ ಸರದಿನೇ ಇರಲ್ಲ,' ಎಂದಳು. ಒಬ್ಬರ ಮನೆಯಲ್ಲಿ ಮಾತ್ರ ಸ್ವಲ್ಪ ಹೆಚ್ಚೇ ಕೂಗಾಡಿದಳು. ಅವರೂ ಒಪ್ಪಿದರು, ಮುಖ್ಯವಾಗಿ ಅವಳು ಜಗಲಿಯಿಂದ ಏಳಲಿ ಎಂದು.

ಹಳ್ಳದ ಕೆಳಗಿನ ಕೊನೇ ಮನೆ ತಿಮ್ಮಮ್ಮನದು. ಎಂಬತ್ತರ ಹತ್ತಿರದ ಮುದುಕಿ. ಕಟ್ಟಿನಿಂದ ಇಳಿದ ನೀರು ಅವಳ ಗದ್ದೆ ಬದಿಯ ಬಾವಿಗೆ ಒಸರಿ, ಅಲ್ಲಿಂದ ಹನ್ನೊಂದು ಮನೆಗೆ ಕುಡಿಯುವ ನೀರು. ಅವಳು ಕೇಳಿದ್ದು ಒಂದೇ ಮಾತು: 'ಅಳೆಯೋವಾಗ ನಾನೂ ಬರ್ಲಾ?'

*

ಶನಿವಾರ ಹತ್ತು ಗಂಟೆಗೆ ಹಳ್ಳದ ಬದಿಯಲ್ಲಿ ನೂರೈವತ್ತು ಜನ. ಪಂಚಾಯ್ತಿ ಹಾಲಿನಲ್ಲಿ ಸಭೆ ಮಾಡಿದರೆ ಮೂವತ್ತು ಜನ ಸೇರುವುದಿಲ್ಲ. ಶಾಂತಕ್ಕ ಹಳ್ಳವನ್ನು ಬ್ಯಾರಲ್ಲಿಗೆ ತುಂಬುತ್ತಾಳಂತೆ ಎಂಬ ಸುದ್ದಿ ಉಳಿದವರನ್ನು ಕರೆತಂದಿತ್ತು. ಪ್ರಸನ್ನಕುಮಾರ್ ಬಂಡೆಯ ಮೇಲೆ ಕರ್ಚೀಫು ಹಾಸಿ ಕೂತಿದ್ದ. ಕಟ್ಟಿನ ಕೆಳಗಿನ ಚಪ್ಪಟೆ ಕಲ್ಲಿನ ಮೇಲೆ ತೊಳೆದ ಎರಡು ಬ್ಯಾರಲ್ಲು. ಪೈಪಿನ ಬಾಯಿಗೆ ಒಂದು ಬಾಗಿದ ತುಂಡು ಸಿಕ್ಕಿಸಿದ್ದರು. ಅತ್ತ ತಿರುಗಿಸಿದರೆ ಆ ಬ್ಯಾರಲ್ಲು, ಇತ್ತ ತಿರುಗಿಸಿದರೆ ಈ ಬ್ಯಾರಲ್ಲು.

ಮೇಘಶ್ರೀ ಠರಾವು ಓದಿದಳು. ಪಾಯಿಂಟ್ ಎಂಟು ಮಿಲಿಯನ್ ಎಂಬಲ್ಲಿಗೆ ಬಂದಾಗ ತಿಮ್ಮಮ್ಮ ಕೈ ಎತ್ತಿದಳು. 'ಅದು ಎಷ್ಟು ಕೊಡ ಆಗ್ತದೆ ಮಗಾ?'

ಪ್ರಸನ್ನಕುಮಾರ್ ನಕ್ಕ. 'ಅಜ್ಜಿ, ಇದನ್ನೆಲ್ಲ ಕೊಡದಲ್ಲಿ ಅಳೆಯೋಕೆ ಆಗಲ್ಲ.'

'ಎಂತಕ್ಕೆ ಆಗಲ್ಲ? ನಾವು ಕುಡಿಯೋದು ಕೊಡದಲ್ಲೇ.'

'ಬ್ಯಾರಲ್ಲಿನಲ್ಲಿ ನಾನು ಹೇಳ್ತೀನಿ ತಿಮ್ಮಮ್ಮ,' ಎಂದು ಶಾಂತಕುಮಾರಿ ಎದ್ದು ನಿಂತಳು. 'ಒಂದು ಮಿಲಿಯನ್ ಅಂದ್ರೆ ಹತ್ತು ಲಕ್ಷ. ಇವರು ಕೇಳ್ತಿರೋದು ಎಂಟು ಲಕ್ಷ ಲೀಟರ್. ನಮ್ಮ ಔಷಧಿ ಬ್ಯಾರಲ್ಲಿನಲ್ಲಿ ನಾಲ್ಕು ಸಾವಿರ. ದಿನಾ. ಈಗ ಹಳ್ಳದಲ್ಲಿ ದಿನಕ್ಕೆ ಎಷ್ಟು ಬ್ಯಾರಲ್ ಬರ್ತದೆ ಅಂತ ನೋಡೋಣ.'

ಜನರಲ್ಲಿ ಗುಜುಗುಜು ಎದ್ದಿತು. ಏಕಾಂತಪ್ಪ ಪೈಪು ತಿರುಗಿಸಿದ. ನೀರು ಬ್ಯಾರಲ್ಲಿನ ತಳಕ್ಕೆ ಧಡಧಡ ಬಿತ್ತು, ಸದ್ದು ಏರುತ್ತಾ ಹೋಗಿ ಅಂಚು ಮುಟ್ಟಿತು. ಮೇಘಶ್ರೀ ಮೊಬೈಲು ನೋಡಿ ಹೇಳಿದಳು, 'ಮೂವತ್ತೇಳು ಸೆಕೆಂಡು.'

ಪ್ರಸನ್ನಕುಮಾರ್ ಗುಣಿಸಲು ಹೊರಟ. ಓಂಕಾರಮೂರ್ತಿ ತಡೆದರು. 'ಒಂದು ಬ್ಯಾರಲ್ ಅಳೆದು ದಿನದ ಲೆಕ್ಕ ಹೇಳಕ್ಕಾಗ್ತದಾ? ಗುಣಾಕಾರದಲ್ಲಿ ಎಂತ ಬೇಕಾದ್ರೂ ಬರ್ತದೆ. ಒಂದು ಕಾಫಿ ಬೀಜ ತೂಗಿ ಮೂಟೆ ಲೆಕ್ಕ ಹೇಳಿದ ಹಾಗಾಯ್ತು.'

ಶಾಂತಕುಮಾರಿಗೆ ಇದು ಬರುತ್ತದೆ ಎಂದು ಗೊತ್ತಿತ್ತು. 'ಹಾಗಾದ್ರೆ ಒಂದು ಗಂಟೆ ಪೂರ್ತಿ ಅಳೆಯೋಣ. ಯಾರೂ ಏಳಬಾರದು.'

'ಒಂದು ಗಂಟೆಯಾ!'

'ಎಂಟು ಲಕ್ಷ ಲೀಟರ್ ಕೊಡಕ್ಕೆ ಐದು ನಿಮಿಷದಲ್ಲಿ ರುಜು ಹಾಕಿದ್ವಲ್ಲ. ಬೇಡ ಅನ್ನಕ್ಕೆ ಒಂದು ಗಂಟೆ ಕೂರಿ.'

ಸುರುವಾಯಿತು. ಒಂದು ತುಂಬುತ್ತಿದ್ದಾಗ ಇನ್ನೊಂದನ್ನು ಇಬ್ಬರು ಗಂಡಸರು ಮಗುಚಿ ಎತ್ತಿ ನಿಲ್ಲಿಸಬೇಕು. ತಿಮ್ಮಮ್ಮ ಕಲ್ಲಿನ ಮೇಲೆ ಕೂತು ಒಂದೊಂದು ಬ್ಯಾರಲ್ಲಿಗೆ ಒಂದೊಂದು ಸಣ್ಣ ಕಲ್ಲು ಸೆರಗಿಗೆ ಹಾಕಿಕೊಳ್ಳುತ್ತಿದ್ದಳು. ಮೇಘಶ್ರೀ ನಡಾವಳಿ ಪುಸ್ತಕದ ಕೊನೆ ಹಾಳೆಯಲ್ಲಿ ಗೆರೆ ಎಳೆಯುತ್ತಿದ್ದಳು. ಮೊದಲ ಹತ್ತು ಬ್ಯಾರಲ್ಲಿನವರೆಗೆ ನಗು, ತಮಾಷೆ. 'ಶಾಂತಕ್ಕ, ಸ್ನಾನಕ್ಕೆ ಒಂದು ಬಿಡಿ!' 'ಬೋರ್ಡೋ ಹಾಕಿದ್ರೆ ಹಳ್ಳಕ್ಕೂ ಕೊಳೆರೋಗ ಬರಲ್ಲ!' ಇಪ್ಪತ್ತು ದಾಟುವ ಹೊತ್ತಿಗೆ ಮಗುಚುತ್ತಿದ್ದವರಿಗೆ ಏದುಸಿರು. ಬೇರೆ ಇಬ್ಬರು ಇಳಿದರು. ಮೂವತ್ತಕ್ಕೆ ಮತ್ತಿಬ್ಬರು. ನಲವತ್ತು ಆಗುವಾಗ ತಮಾಷೆ ನಿಂತು ಜನ ತಾವಾಗಿಯೇ ಎಣಿಸುತ್ತಿದ್ದರು.

'ನಿಧಾನ ಮಾಡ್ತಿದೀರಿ! ನೀರು ಚೆಲ್ಲಿ ಹೋಗ್ತಿದೆ!' ಎಂದು ಓಂಕಾರಮೂರ್ತಿ ಬಂಡೆಯ ಮೇಲಿಂದ ಕೂಗಿದರು.

'ಹಾಗಾದ್ರೆ ನೀವೇ ಬನ್ನಿ ಅಧ್ಯಕ್ಷರೇ!' ಎಂದರು ಕೆಳಗಿದ್ದವರು.

ಓಂಕಾರಮೂರ್ತಿ ಪಂಚೆ ಎತ್ತಿ ಕಟ್ಟಿ ಇಳಿದೇಬಿಟ್ಟರು. ಏಕಾಂತಪ್ಪನ ಎದುರು ನಿಂತು ಬ್ಯಾರಲ್ಲಿನ ಅಂಚು ಹಿಡಿದರು. ಐವತ್ತೆರಡು, ಐವತ್ತಮೂರು. ಒಂದು ಹನಿ ಹೊರಗೆ ಹೋಗದಂತೆ ತಾವೇ ಪೈಪು ತಿರುಗಿಸಿದರು. ಅರವತ್ತಕ್ಕೆ ಅಂಗಿ ಒದ್ದೆ, ಎಪ್ಪತ್ತಕ್ಕೆ ಮಾತು ನಿಂತಿತು. ಎಪ್ಪತ್ತೈದರಲ್ಲಿ ಬ್ಯಾರಲ್ಲು ತುಂಬುವುದನ್ನು ನೋಡುತ್ತಾ ನಿಂತರು. ಶಾಂತಕುಮಾರಿ ಅವರ ಮುಖ ನೋಡಿದಳು. ಬೇಗ ತುಂಬಲಿ ಎಂದು ಅವರು ಕಾಯುತ್ತಿದ್ದರು. ನೀರು ತನ್ನ ಪಾಡಿಗೆ ತಾನು ಬರುತ್ತಿತ್ತು, ಅವಸರವಿಲ್ಲದೆ.

'ಟೈಮಾಯ್ತು!' ಎಂದಳು ಮೇಘಶ್ರೀ. 'ತೊಂಬತ್ತೇಳು.'

ತಿಮ್ಮಮ್ಮ ಸೆರಗು ಬಿಚ್ಚಿ ಕಲ್ಲು ಎಣಿಸಿದಳು. ಎರಡು ಸಲ ಎಣಿಸಿದಳು. ತೊಂಬತ್ತೇಳು.

'ನೀವೇ ಗುಣಿಸಿ,' ಎಂದು ಶಾಂತಕುಮಾರಿ ಪ್ರಸನ್ನಕುಮಾರನ ಕಡೆ ತಿರುಗಿದಳು. 'ನಿಮ್ಮ ಮೊಬೈಲಲ್ಲೇ. ತೊಂಬತ್ತೇಳನ್ನ ಇಪ್ಪತ್ತನಾಲ್ಕರಿಂದ. ಜೋರಾಗಿ ಹೇಳಿ.'

'ಎರಡು ಸಾವಿರದ ಮುನ್ನೂರ ಇಪ್ಪತ್ತೆಂಟು.'

'ನಿಮಗೆ ಬೇಕಾಗಿರೋದು?'

ಅವನು ಮೊಬೈಲು ಜೇಬಿಗೆ ಹಾಕಿಕೊಂಡ.

'ನಾಲ್ಕು ಸಾವಿರ,' ಎಂದು ಉತ್ತರ ಬಂದದ್ದು ಹಿಂದಿನಿಂದ. ಓಂಕಾರಮೂರ್ತಿ ಕಲ್ಲಿನ ಮೇಲೆ ಕೂತು ಪಂಚೆಯ ತುದಿಯಿಂದ ಮುಖ ಒರೆಸಿಕೊಳ್ಳುತ್ತಿದ್ದರು. 'ಹಳ್ಳ ಪೂರ್ತಿ ಕೊಟ್ರೂ ಸಾಲಲ್ಲ. ಹೂವಿಗೂ ಸಾಲದ್ದು ಅಂದಿದ್ದೆ ಮಾರಾಯ್ರೇ, ಇದಕ್ಕೆ ಹಳ್ಳನೇ ಸಾಲಲ್ಲ.'

ಹಳ್ಳದ ಎರಡೂ ದಡದಲ್ಲಿ ಒಮ್ಮೆಲೇ ಮಾತು ಎದ್ದಿತು. ಪ್ರಸನ್ನಕುಮಾರ್ ಎದ್ದು ನಿಂತು ಕೈ ಎತ್ತಿದ. ಅವನ ಮೃದುತನ ಹೋಗಿರಲಿಲ್ಲ. 'ದಯವಿಟ್ಟು ಕೇಳಿ. ನಮ್ಮ ವರದಿಯಲ್ಲಿ ಇರೋದು ವರ್ಷದ ಸರಾಸರಿ. ಆಗಸ್ಟಿನಲ್ಲಿ ಇದೇ ಹಳ್ಳದಲ್ಲಿ ದಿನಕ್ಕೆ ಹದಿನೈದು ಮಿಲಿಯನ್ ಹರಿಯುತ್ತೆ.'

'ಆಗಸ್ಟಿನಲ್ಲಿ ಹಳ್ಳದಲ್ಲಿ ದನಾನೂ ಹರ್ಕೊಂಡು ಹೋಗ್ತವೆ,' ಅಂದಳು ಶಾಂತಕುಮಾರಿ. 'ಆಗ ಬನ್ನಿ, ಹದಿನೈದೂ ತಗೊಳ್ಳಿ. ಯಾರು ಬೇಡ ಅಂತಾರೆ? ಮಾರ್ಚಿಯಲ್ಲಿ ತಿಮ್ಮಮ್ಮ ಸರಾಸರಿ ಕುಡಿಯಕ್ಕಾಗ್ತದಾ?'

ಜನ ನಕ್ಕರು. ಪ್ರಸನ್ನಕುಮಾರನ ಕಿವಿ ಕೆಂಪಾಯಿತು. ಫೈಲು ತೆರೆದು ಒಂದು ಹಾಳೆ ಎತ್ತಿ ಹಿಡಿದ. 'ಮೇಡಂ, ನಾವು ಏನನ್ನೂ ಮುಚ್ಚಿಟ್ಟಿಲ್ಲ. ಪಾಯಿಂಟ್ ಎಂಟು ಮಿಲಿಯನ್ ಅಂತ ನಿಮ್ಮ ಎದುರೇ ಹೇಳಿದ್ದೆ, ಬರೆದೂ ಕೊಟ್ಟಿದ್ದೆ. ನೀವು ಒಂದೊಂದು ಸಾಲೂ ಓದಿ ರುಜು ಹಾಕಿದ್ರಿ. ಇಲ್ಲಿದೆ, ಅನುಮೋದಿಸಿದವರು, ಶಾಂತಕುಮಾರಿ. ಈಗ ನಮ್ಮದು ಮೋಸ ಅನ್ನೋ ಹಾಗೆ ಮಾತಾಡ್ತಿದೀರಿ.'

ನಗು ನಿಂತಿತು. ನೂರೈವತ್ತು ಜನ ಅವಳನ್ನೇ ನೋಡಿದರು.

ಮೋಸ ಎನ್ನುವುದು ಸುಲಭವಿತ್ತು. ನಾಲಗೆ ತುದಿಯಲ್ಲೇ ಇತ್ತು. ಅಂದರೆ ಜನ ಅವಳ ಪರವೇ ನಿಲ್ಲುತ್ತಿದ್ದರು, ಅವನನ್ನು ಹಳ್ಳ ದಾಟಿಸಿ ಕಳಿಸುತ್ತಿದ್ದರು. ಆದರೆ ಅವನು ಹೇಳಿದ್ದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ಇವತ್ತು ಸುಳ್ಳಿನ ಮೇಲೆ ಗೆದ್ದರೆ ನಾಳೆ ಅವನು ಅದೇ ಹಾಳೆ ಹಿಡಿದು ಮೇಲಿನ ಕಚೇರಿಗೆ ಹೋಗುತ್ತಾನೆ, ಅಲ್ಲಿ ಅವನೇ ಗೆಲ್ಲುತ್ತಾನೆ.

'ಹೌದು,' ಅಂದಳು. ದನಿ ಅವಳಿಗೇ ಅಪರಿಚಿತವಾಗಿ ಕೇಳಿಸಿತು. 'ಇವರು ಮೋಸ ಮಾಡ್ಲಿಲ್ಲ. ನಾನು ಓದಿದೆ. ಅರ್ಥ ಆಗ್ಲಿಲ್ಲ. ಮಿಲಿಯನ್ ಅಂದ್ರೆ ಎಂತ ಅಂತ ಕೇಳ್ಬೇಕಿತ್ತು, ಕೇಳಕ್ಕೆ ನಾಚಿಕೆ ಆಯ್ತು. ಇಷ್ಟು ಬಾಯಿ ಇರೋಳು, ಇದೂ ಗೊತ್ತಿಲ್ವಾ ಅಂತಾರೆ ಅಂತ ಹೆದರಿ ರುಜು ಹಾಕ್ದೆ. ತಪ್ಪು ನಂದು. ಅದಕ್ಕೇ ಒಂದು ಗಂಟೆ ನಿಮ್ಮನ್ನ ಬಿಸಿಲಲ್ಲಿ ಕೂರಿಸಿದ್ದು. ಈಗ ನಿಮಗೆಲ್ಲ ಗೊತ್ತಾಗಿದೆ, ನಿಮ್ಮಲ್ಲಿ ಯಾರೂ ಗೊತ್ತಿಲ್ದೆ ಕೈ ಎತ್ತೋ ಹಾಗಿಲ್ಲ. ನನ್ನ ಅನುಮೋದನೆ ನಾನು ವಾಪಸ್ ತಗೊಂಡಿದೀನಿ. ಇನ್ನು ನೀವು ಹೇಳಿ.'

ಒದ್ದೆ ಪಂಚೆಯಲ್ಲೇ ಓಂಕಾರಮೂರ್ತಿ ಎದ್ದರು. 'ನಂಗೂ ಗೊತ್ತಿರ್ಲಿಲ್ಲ. ನಾನು ನಗಾಡಿದ್ದೆ ಬೇರೆ,' ಎಂದು ತಮ್ಮ ಕೈಯನ್ನೇ ಮೊದಲು ಎತ್ತಿದರು. 'ಠರಾವು ಬೇಡ ಅನ್ನೋರು?'

ಕೈಗಳು ಎದ್ದವು. ಮೇಘಶ್ರೀ ಎಣಿಸುತ್ತಾ ದಡದ ಉದ್ದಕ್ಕೆ ನಡೆದಳು. ನೂರಾ ಮೂವತ್ತೊಂದು. ಕೆಲಸ ಸಿಗುತ್ತದೆಂದು ಕಾದಿದ್ದ ಹತ್ತು ಹನ್ನೆರಡು ಜನ ಕೈ ಎತ್ತಲಿಲ್ಲ, ತಲೆಯನ್ನೂ ಎತ್ತಲಿಲ್ಲ. ಶಾಂತಕುಮಾರಿ ಅವರನ್ನು ನೋಡಿದಳು. ಅವರ ಹೆಸರುಗಳನ್ನು ಮನಸ್ಸಿನಲ್ಲಿ ಇಟ್ಟುಕೊಂಡಳು, ಮುಂದಿನ ಮೀಟಿಂಗಿನಲ್ಲಿ ಬೇರೆ ಕೆಲಸದ ಮಾತು ತೆಗೆಯಬೇಕೆಂದು.

ಹೊಸ ನಿರ್ಣಯ ಬರೆಯುವಾಗ ಮೇಘಶ್ರೀ ಬಾಯಲ್ಲಿ ಹೇಳಿ ಬರೆಯುತ್ತಿದ್ದಳು. 'ಸದರಿ ಹಳ್ಳದಿಂದ 0.8 ಮಿಲಿಯನ್…'

'ನಿಲ್ಸು. ಹಾಗೆ ಬರೀಬೇಡ,' ಅಂದಳು ಶಾಂತಕುಮಾರಿ. 'ಅಂಕಿಯಲ್ಲೂ ಬರಿ, ಅಕ್ಷರದಲ್ಲೂ ಬರಿ. ಎಂಟು ಲಕ್ಷ ಲೀಟರ್. ಇನ್ನು ಮುಂದೆ ಈ ಪಂಚಾಯ್ತಿಗೆ ಯಾರು ಅರ್ಜಿ ಕೊಟ್ರೂ ಹಾಗೇ ಕೊಡ್ಬೇಕು. ಅದನ್ನೂ ಸೇರ್ಸು.'

ಮೇಘಶ್ರೀ ಸೇರಿಸಿದಳು. ಶಾಂತಕುಮಾರಿ ಓದಿದಳು. ಒಂದು ಕಡೆ 'ಅಂದಾಜು' ಎಂಬ ಮಾತಿತ್ತು. ಅದು ಏಕೆ ಎಂದು ಕೇಳಿದಳು, ಹೊಡೆದು ಹಾಕಿಸಿದಳು. ಆಮೇಲೆ ರುಜು ಮಾಡಿದಳು.

ಪ್ರಸನ್ನಕುಮಾರ್ ಕೈ ಮುಗಿದು ಕಾರು ಹತ್ತಿದ. ಕಾರು ಮೂಡಿಗೆರೆ ಕಡೆಗೆ ತಿರುಗಲಿಲ್ಲ. ಹಳ್ಳದ ಪಕ್ಕದ ಮಣ್ಣು ರಸ್ತೆ ಹಿಡಿದು ಮೇಲಕ್ಕೆ ಹೋಯಿತು. ಮೇಲೆ ಎರಡು ಮೈಲಿ ದೂರದಲ್ಲಿ ಪಕ್ಕದ ಪಂಚಾಯ್ತಿಯ ಗಡಿ, ಹಳ್ಳ ಹುಟ್ಟುವ ಗುಡ್ಡ.

ಶಾಂತಕುಮಾರಿ ಧೂಳು ಇಳಿಯುವ ತನಕ ನೋಡುತ್ತಾ ನಿಂತಳು. 'ಇವ್ರೇ,' ಅಂದಳು, 'ಮೇಲಿನವರ ಪಂಚಾಯ್ತಿ ಮೀಟಿಂಗು ಯಾವತ್ತು?'

'ಗುರುವಾರ ಇರ್ಬೇಕು,' ಅಂದ ಏಕಾಂತಪ್ಪ.

'ಬುಧವಾರ ಹೋಗಿ ಬರೋಣ.'